ಬೀಚ್ ಚಿತ್ರಗಳು: ತೆರೆಯ ಮೇಲಿನ ಕಡಲು, ತೆರೆಯಾಚೆಯ ಕಡಲು

ಇತಿಹಾಸಕ್ಕೆ ಶಾಸನ, ನಾಣ್ಯ, ಕಡತಗಳಷ್ಟೇ ಆಧಾರವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇಪ್ಪತ್ತನೆಯ ಶತಮಾನದ ಮಟ್ಟಿಗೆ ಚಲನಚಿತ್ರವೂ ಒಂದು ಆಧಾರವೇ. ಗಂಭೀರ ಚಿತ್ರಗಳಂತೆಯೇ ಹಾಡು-ಕುಣಿತದ ಹಗುರ ಚಿತ್ರಗಳೂ ತಮ್ಮ ಕಾಲಕ್ಕೆ ಸಾಕ್ಷಿ ನುಡಿಯುತ್ತವೆ. 1960ರ ದಶಕದ ಆದಿಯಲ್ಲಿ ಅಮೆರಿಕದ ಹದಿಹರೆಯದವರ ಮನಸೆಳೆದ 'ಬೀಚ್ ಚಿತ್ರ'ಗಳು ಇದಕ್ಕೆ ಒಳ್ಳೆಯ ನಿದರ್ಶನ.

ಈ ಚಿತ್ರಗಳ ಆಕರ್ಷಣೆ ಸರ್ಫಿಂಗ್. ಹಲಗೆಯ ಮೇಲೆ ನಿಂತು, ಅಲೆಯೊಡನೆ ದಡದತ್ತ ಜಾರಿ ಬರುವ ಈ ಕಲೆ ಹವಾಯಿ ದ್ವೀಪಗಳಲ್ಲಿ ಬಹು ಹಿಂದೆಯೇ ಬೆಳೆದಿತ್ತು. ಅಲ್ಲಿ ಅರಸರೂ ಸಾಮಾನ್ಯರೂ, ಗಂಡಸರೂ ಹೆಂಗಸರೂ ಅಲೆ ಏರುತ್ತಿದ್ದರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಈಜಿನಲ್ಲಿ ಚಿನ್ನ ಗೆದ್ದ ಹವಾಯಿಯ ಡ್ಯೂಕ್ ಕಹನಮೋಕು ಇದನ್ನು ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾಗಳ ಜನರಿಗೆ ಪ್ರದರ್ಶಿಸಿ ತೋರಿಸಿದರು. ಆದರೆ ಆಗಿನ ಮರದ ಹಲಗೆಗಳು ಬಲು ಭಾರ. 1950ರ ದಶಕದ ಕೊನೆಗೆ ಪಾಲಿಯುರೆಥೇನ್ ಫೋಮ್‌ನ ಹಗುರ ಹಲಗೆಗಳು ಬಂದ ಮೇಲೆ ಈ ಆಟ ಹೆಚ್ಚು ಜನರ ಕೈಗೆಟುಕಿತು.

ಅದೇ ಹೊತ್ತಿಗೆ, 1957ರಲ್ಲಿ, 'ಗಿಜೆಟ್' ಎಂಬ ಕಾದಂಬರಿ ಪ್ರಕಟವಾಯಿತು. ಲೇಖಕ ಫ್ರೆಡರಿಕ್ ಕೋನರ್, ನಾಜಿ ಆಳ್ವಿಕೆಯ ಜರ್ಮನಿಯನ್ನು ತೊರೆದು ಹಾಲಿವುಡ್ ಸೇರಿದ ಯಹೂದಿ ಚಿತ್ರಕಥೆಗಾರ. ಮಾಲಿಬು ಕಡಲತೀರದಲ್ಲಿ ಹುಡುಗರ ನಡುವೆ ಅಲೆ ಏರಲು ಕಲಿತ ಮಗಳು ಕ್ಯಾಥಿಯ ಅನುಭವಗಳೇ ಈ ಕಥೆಗೆ ಮೂಲ. 1959ರಲ್ಲಿ ಇದು ಚಲನಚಿತ್ರವಾಯಿತು. ಸ್ಯಾಂಡ್ರಾ ಡೀ ನಾಯಕಿ. ಆದರೆ ಅಲೆಯ ಮೇಲಿನ ದೃಶ್ಯಗಳಲ್ಲಿ ಆಕೆಯ ಬದಲಿಗೆ ಹಲಗೆ ಏರಿದವನು ಹೊಂಬಣ್ಣದ ಕೃತಕ ಕೂದಲು ತೊಟ್ಟ ಮಿಕಿ ಮುನೋಜ್ ಎಂಬ ಯುವಕ! ನಿಜಜೀವನದಲ್ಲಿ ಒಬ್ಬ ಹುಡುಗಿ ಮಾಡಿದ ಸಾಹಸವನ್ನು ತೆರೆಯ ಮೇಲೆ ಒಬ್ಬ ಗಂಡಸು ಮಾಡಿದ.

1963ರಲ್ಲಿ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಸಂಸ್ಥೆ 'ಬೀಚ್ ಪಾರ್ಟಿ' ಚಿತ್ರವನ್ನು ತೆರೆಗೆ ತಂದಿತು. ನಿರ್ದೇಶಕ ವಿಲಿಯಂ ಆಶರ್; ಗಾಯಕ ಫ್ರ್ಯಾಂಕಿ ಅವಲಾನ್ ಮತ್ತು ಆನೆಟ್ ಫ್ಯೂನಿಚೆಲ್ಲೊ ತಾರಾಜೋಡಿ. ಚಿತ್ರ ಗೆದ್ದದ್ದೇ ತಡ, 'ಮಸಲ್ ಬೀಚ್ ಪಾರ್ಟಿ', 'ಬಿಕಿನಿ ಬೀಚ್', 'ಬೀಚ್ ಬ್ಲ್ಯಾಂಕೆಟ್ ಬಿಂಗೊ' ಎಂದು ಒಂದರ ಹಿಂದೊಂದು ಬಂದವು. ಅಲ್ಪ ವೆಚ್ಚ, ಬೇಗನೆ ಮುಗಿಯುವ ಚಿತ್ರೀಕರಣ, ಎಲ್ಲದರಲ್ಲೂ ಹೆಚ್ಚುಕಡಿಮೆ ಅದೇ ಕಥೆ.

ಈ ಯಶಸ್ಸಿಗೆ ಕಾರಣವೇನು? ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಜನನ ಪ್ರಮಾಣ ಬಹಳ ಏರಿತ್ತು. ಆಗ ಹುಟ್ಟಿದ ಮಕ್ಕಳು 1960ರ ದಶಕದಲ್ಲಿ ಹದಿಹರೆಯಕ್ಕೆ ಕಾಲಿಟ್ಟರು. ಅವರ ಕಿಸೆಯಲ್ಲಿ ಕೈಖರ್ಚಿನ ಹಣವಿತ್ತು. ಕಾರಿನಲ್ಲಿ ಕುಳಿತೇ ಸಿನಿಮಾ ನೋಡುವ ಡ್ರೈವ್-ಇನ್ ಚಿತ್ರಮಂದಿರಗಳಿದ್ದವು. ಹದಿಹರೆಯವೇ ಒಂದು ಮಾರುಕಟ್ಟೆ ಎಂಬುದನ್ನು ನಿರ್ಮಾಪಕರು ಅರಿತರು. ಹೀಗಾಗಿ ಈ ಚಿತ್ರಗಳಲ್ಲಿ ತಂದೆತಾಯಿಯರಾಗಲಿ, ಶಾಲೆಯಾಗಲಿ ಕಾಣಿಸುವುದೇ ಅಪರೂಪ. ಅಲ್ಲಿರುವುದು ಮುಗಿಯದ ರಜೆ.

ಆ ರಜೆ ಎಲ್ಲರದೂ ಆಗಿತ್ತೆ? 1964ರ 'ಮಸಲ್ ಬೀಚ್ ಪಾರ್ಟಿ'ಯಲ್ಲಿ ಕಪ್ಪು ಜನಾಂಗದ ಹದಿಮೂರರ ಬಾಲಕ ಸ್ಟೀವಿ ವಂಡರ್ ಹಾಡಿದ್ದಾನೆ. ಆದರೆ ಅವನ ಹಾಡಿಗೆ ಕುಣಿಯುವ ಗುಂಪು ಬಿಳಿಯರದು. ಅದೇ ವರ್ಷದ ಜೂನ್‌ನಲ್ಲಿ ಫ್ಲೋರಿಡಾದ ಸೇಂಟ್ ಆಗಸ್ಟೀನ್‌ನಲ್ಲಿ, ಬಿಳಿಯರಿಗೆ ಮೀಸಲೆನಿಸಿದ್ದ ಕಡಲಿಗಿಳಿದ ಕಪ್ಪು ಜನರ ಮೇಲೂ ಅವರ ಜೊತೆಗಾರರ ಮೇಲೂ ಹಲ್ಲೆ ನಡೆಯಿತು. ನಾಗರಿಕ ಹಕ್ಕುಗಳ ಕಾಯಿದೆಗೆ ಅಧ್ಯಕ್ಷರ ಸಹಿ ಬಿದ್ದದ್ದು ಜುಲೈ 2ರಂದು. ಇನ್ನು ಕ್ಯಾಲಿಫೋರ್ನಿಯಾದಲ್ಲೇ, ಮ್ಯಾನ್‌ಹಟನ್ ಬೀಚ್ ನಗರದಲ್ಲಿ ಬ್ರೂಸ್ ಎಂಬ ಕಪ್ಪು ದಂಪತಿ ತಮ್ಮ ಜನರಿಗಾಗಿ ನಡೆಸುತ್ತಿದ್ದ ವಿಹಾರಧಾಮದ ಜಾಗವನ್ನು ಉದ್ಯಾನದ ನೆಪದಲ್ಲಿ ಕಿತ್ತುಕೊಳ್ಳಲು 1924ರಲ್ಲೇ ನಗರಾಡಳಿತ ಮುಂದಾಗಿತ್ತು. ಆ ಭೂಮಿ ಅವರ ವಂಶಸ್ಥರಿಗೆ ಮರಳಿದ್ದು 2022ರಲ್ಲಿ!

ಬೀಚ್ ಚಿತ್ರಗಳ ಅಬ್ಬರ 1967ರ ಹೊತ್ತಿಗೆ ಅಡಗಿತು. ವಿಯೆಟ್ನಾಂ ಯುದ್ಧಕ್ಕೆ ತರುಣರು ಕಡ್ಡಾಯವಾಗಿ ಹೊರಡಬೇಕಾಗಿ ಬಂದಾಗ, ಮುಗಿಯದ ರಜೆಯ ಕನಸನ್ನು ನಂಬುವುದು ಕಷ್ಟವಾಗಿತ್ತು.

ಹಾಗೆಂದು ಈ ಚಿತ್ರಗಳನ್ನು ತಿರಸ್ಕರಿಸಬೇಕಾಗಿಲ್ಲ. ಅವುಗಳ ಹಾಡು, ಹಾಸ್ಯ, ಲವಲವಿಕೆ ಇಂದಿಗೂ ಮುದ ನೀಡುತ್ತವೆ. ಆದರೆ ವಿದ್ಯಾರ್ಥಿ ಮಿತ್ರರೇ, ಯಾವುದೇ ಹಳೆಯ ಚಿತ್ರವನ್ನು ನೋಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಮಾಡಿದವರು ಯಾರು? ಯಾರಿಗಾಗಿ ಮಾಡಿದರು? ತೆರೆಯ ಮೇಲೆ ಯಾರು ಕಾಣುತ್ತಿಲ್ಲ? ಮೊದಲೆರಡಕ್ಕೆ ಉತ್ತರ ಚಿತ್ರದಲ್ಲೇ ಸಿಗಬಹುದು. ಮೂರನೆಯದಕ್ಕೆ ಗ್ರಂಥಾಲಯಕ್ಕೇ ಹೋಗಬೇಕು.