ಕಿರುಸಂದೇಶದ ಒಟಿಪಿ ಎಷ್ಟು ಭದ್ರ?

ಬ್ಯಾಂಕು ಕಿರುಸಂದೇಶದಲ್ಲಿ ಕಳುಹಿಸುವ ಒಟಿಪಿಯು ಪರೀಕ್ಷಿಸುವುದು ಖಾತೆದಾರರನ್ನಲ್ಲ. ಅವರ ಮೊಬೈಲ್ ಸಂಖ್ಯೆ ಯಾರ ಕೈಯಲ್ಲಿದೆ ಎಂಬುದನ್ನು ಮಾತ್ರ. ವಂಚಕರು ನಕಲಿ ದಾಖಲೆ ನೀಡಿ ಅದೇ ಸಂಖ್ಯೆಗೆ ಬದಲಿ ಸಿಮ್ ಪಡೆದರೆ ಸಂದೇಶ ಅವರಿಗೇ ತಲುಪುತ್ತದೆ. ದೂರವಾಣಿ ಜಾಲಗಳು ಪರಸ್ಪರ ವ್ಯವಹರಿಸಲು 1970ರ ದಶಕದಲ್ಲಿ ರೂಪುಗೊಂಡ ಎಸ್‌ಎಸ್7 ವ್ಯವಸ್ಥೆಯ ದೌರ್ಬಲ್ಯವನ್ನು ಬಳಸಿ, 2017ರಲ್ಲಿ ಜರ್ಮನಿಯ ಬ್ಯಾಂಕ್ ಖಾತೆಗಳಿಂದ ಹಣ ಕದ್ದದ್ದೂ ಉಂಟು.

ಚೆನ್ನೈನಲ್ಲಿ ನೆಲೆಸಿದ ನಮ್ಮಲ್ಲಿ ಕೆಲವರ ಹಳೆಯ ಖಾತೆಗಳಿಗೆ ಇಂದಿಗೂ ಊರಿನ ಸಂಖ್ಯೆಯೇ ಜೋಡಣೆಯಾಗಿರಬಹುದು. ಸ್ಥಗಿತಗೊಂಡ ಸಂಖ್ಯೆಯನ್ನು 90 ದಿನಗಳ ನಂತರ ಬೇರೊಬ್ಬರಿಗೆ ನೀಡಲು ಅವಕಾಶವಿದೆ. ಆದುದರಿಂದ ಮನೆಯ ಹಿರಿಯರ ಖಾತೆಗಳನ್ನು ಇಂದೇ ಪರಿಶೀಲಿಸೋಣ. ಫೋನಿನ ಸಂಪರ್ಕ ಅಕಾರಣವಾಗಿ ಕಡಿದುಹೋದರೆ ಕೂಡಲೇ ಮೊಬೈಲ್ ಕಂಪನಿಗೂ ಬ್ಯಾಂಕಿಗೂ ತಿಳಿಸೋಣ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡೋಣ.