ಸಕ್ಕರೆ ರೇಷನ್ನಿನ ಮಕ್ಕಳು (ಇಂಗ್ಲೆಂಡಿನ ಕಥೆಗಳು – 9)

ಹೋದ ವಾರ ಇಲ್ಲಿನ ಮಕ್ಕಳ ಬೊಜ್ಜಿನ ಬಗ್ಗೆ ಬರೆದಿದ್ದಕ್ಕೆ ಅತ್ತಿಗೆ ಕೇಳಿದ್ರು, "ಆ ದೇಶದ ಮಕ್ಕಳು ಮೊದಲಿಂದಲೂ ಹಾಗೇನಾ?" ಅಂತ.

ಇಲ್ಲ ಅತ್ತಿಗೆ. ನೂರು ವರ್ಷದ ಹಿಂದೆ ಇಲ್ಲಿನ ಚಿಂತೆಯೇ ಬೇರೆ. ಬೋಯರ್ ಯುದ್ಧಕ್ಕೆ ಸೇರಲು ಬಂದ ಎಷ್ಟೋ ಬಡ ಹುಡುಗರು ಒಣಕಲು ಮೈಯವರು ಅಂತ ವಾಪಸ್ಸು ಹೋದರು. ಅದರ ಗಾಬರಿಯಲ್ಲೇ 1906ರಲ್ಲಿ ಶಾಲೆಯಲ್ಲಿ ಊಟ ಕೊಡೋಕೆ ಕಾನೂನು ಬಂತು.

ಆಮೇಲೆ ಎರಡನೇ ಮಹಾಯುದ್ಧ, ರೇಷನ್ ಕಾಲ. ನಮ್ಮ ಸೊಸೈಟಿ ಅಂಗಡಿ ಥರಾನೇ, ಪುಸ್ತಕ ತೋರಿಸಿ ಅಳೆದು ತರಬೇಕು. ಯುದ್ಧ ಮುಗಿದು ಎಂಟು ವರ್ಷವಾದರೂ ಸಕ್ಕರೆ ಮಾತ್ರ ಬಿಗಿಯಾಗೇ ಇತ್ತು. 1953ರಲ್ಲಿ ರೇಷನ್ ತೆಗೆದದ್ದೇ ತಡ, ಒಬ್ಬೊಬ್ಬರು ದಿನಕ್ಕೆ ತಿನ್ನೋ ಸಕ್ಕರೆ ಸುಮಾರು 40 ಗ್ರಾಂನಿಂದ 80 ಗ್ರಾಂ ಆಯ್ತು. ಜನರನ್ನ ದೂರೋದು ಹೇಗೆ? ಹದಿಮೂರು ವರ್ಷ ಸಿಹಿಗೆ ಬಾಯಿ ಕಟ್ಟಿದ್ದವರು.

ಈ ಗೆರೆಯ ಆಚೆ ಈಚೆ ಹುಟ್ಟಿದವರನ್ನ ಹೋಲಿಸಿದ ಅಧ್ಯಯನ 2024ರಲ್ಲಿ ಬಂತು. ಹೊಟ್ಟೆಯಲ್ಲಿದ್ದಾಗಿಂದ ಎರಡು ವರ್ಷದ ತನಕ ರೇಷನ್ನಿನಲ್ಲೇ ಕಳೆದವರಿಗೆ, ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಸುಮಾರು 35% ಕಡಿಮೆಯಂತೆ! ನನಗೆ ಈ ಕಥೆಯಲ್ಲಿ ತೀರಾ ನಾಟಿದ್ದು ಇದೇ. ಅದೇ ದೇಶ, ಅದೇ ಜನ, ಹುಟ್ಟಿದ್ದು ನಾಲ್ಕೈದು ವರ್ಷ ಹಿಂದೆ ಮುಂದೆ ಅಷ್ಟೆ.

1980ರಲ್ಲಿ ಥ್ಯಾಚರ್ ಸರ್ಕಾರ ಶಾಲೆ ಊಟದ ಪೌಷ್ಟಿಕತೆಯ ನಿಯಮಗಳನ್ನೇ ತೆಗೆದುಹಾಕಿತು. ತಟ್ಟೆಗೆ ಚಿಪ್ಸು, ಬರ್ಗರ್ ಬಂದವು. 2005ರಲ್ಲಿ ಜೇಮಿ ಆಲಿವರ್ ಅನ್ನೋ ಅಡುಗೆಯವ ಟಿವಿಯಲ್ಲಿ ಅದನ್ನ ತೋರಿಸಿ ಗಲಾಟೆ ಎಬ್ಬಿಸಿದ ಮೇಲೆ ನಿಯಮ ಬಿಗಿಯಾಯ್ತು. 2018ರಲ್ಲಿ ಸಿಹಿ ಪಾನೀಯಕ್ಕೆ ತೆರಿಗೆ ಬಂತು. ಆದರೂ ಇವತ್ತಿಗೆ ಶಾಲೆಗೆ ಸೇರುವಾಗ ಹತ್ತರಲ್ಲಿ ಒಂದು ಮಗುವಿಗೆ ಬೊಜ್ಜು, ಪ್ರೈಮರಿ ಮುಗಿಸುವಾಗ ಐದರಲ್ಲಿ ಒಂದಕ್ಕೆ. ಬಡವರ ಬಡಾವಣೆಗಳಲ್ಲಿ ಸಿರಿವಂತರ ಕಡೆಗಿಂತ ಎರಡು ಪಟ್ಟು. ಮೈ ತುಂಬಿಕೊಂಡಿರೋದು ಅನುಕೂಲಸ್ಥರ ಲಕ್ಷಣ ಅಂತಾರಲ್ಲ ನಮ್ಮ ಕಡೆ, ಇಲ್ಲಿ ಅದು ತಲೆಕೆಳಗಾಗಿದೆ.

ಕೊನೇದು ನಮ್ಮವರ ವಿಷಯ, ದೊಡ್ಡಮ್ಮಂದಿರು ಗಮನವಿಟ್ಟು ಓದಿ. ದೊಡ್ಡವರಿಗೆ ಬರೋ ಟೈಪ್ 2 ಸಕ್ಕರೆ ಕಾಯಿಲೆ ಇಲ್ಲಿನ ಮಕ್ಕಳಲ್ಲೂ ಇದೆ ಅಂತ ಮೊದಲ ವರದಿ ಬಂದದ್ದು 2000ದಲ್ಲಿ. ಎಂಟು ಹುಡುಗಿಯರು, 9ರಿಂದ 16 ವರ್ಷದವರು, ಎಲ್ಲರಿಗೂ ತೂಕ ಜಾಸ್ತಿ. ಎಂಟೂ ಜನ ಭಾರತ, ಪಾಕಿಸ್ತಾನ, ಅರಬ್ ಮೂಲದವರು.

ಶಾಲೆಯಲ್ಲಿ ಪುಕ್ಕಟೆ ಹಾಲು ಕೊಡ್ತಿದ್ದ ಕಥೆ ಮುಂದಿನ ವಾರ. ಈಗ ನೈಟ್ ಡ್ಯೂಟಿಗೆ ಹೊರಟೆ.