ಬಾಟಲಿಯಲ್ಲಿ ಕುಲುಕಿದಾಗ ನೊರೆ ಬಂದರೆ ಹಾಲಿನಲ್ಲಿ ಸೋಪಿನ ಪುಡಿ ಇದೆಯೇ?

ಹಾಲನ್ನು ಬಾಟಲಿಗೆ ಹಾಕಿ ಕುಲುಕಿ, ನೊರೆ ಬಂದರೆ ಡಿಟರ್ಜೆಂಟ್ ಬೆರೆಸಿದ್ದಾರೆ ಎಂದೇ ಅರ್ಥ, ಎಲ್ಲರಿಗೂ ಕಳಿಸಿ ಎನ್ನುವ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದು ಅರ್ಧ ಸತ್ಯ. ಡಿಟರ್ಜೆಂಟ್ ಕಲಬೆರಕೆ ನಿಜಕ್ಕೂ ನಡೆಯುತ್ತದೆ. ಅಗ್ಗದ ಎಣ್ಣೆಯನ್ನು ನೀರಿನಲ್ಲಿ ಬೆರೆಯುವಂತೆ ಮಾಡಿ ಹಾಲಿನಂತೆ ಬೆಳ್ಳಗೆ ಕಾಣಿಸಲು ಅದನ್ನು ಬಳಸುತ್ತಾರೆ. ಆದರೆ ನೊರೆ ಬರುವುದು ಒಳ್ಳೆಯ ಹಾಲಿನ ಗುಣವೂ ಹೌದು. ಕಾಫಿಯನ್ನು ಲೋಟದಿಂದ ಲೋಟಕ್ಕೆ ಎತ್ತಿ ಸುರಿದಾಗ ಬರುವ ನೊರೆಗೆ ಯಾರೂ ಸೋಪು ಹಾಕಿರುವುದಿಲ್ಲ.

ನೊರೆ ಎಂದರೆ ಗಾಳಿಗುಳ್ಳೆಗಳ ರಾಶಿ. ಪಕ್ಕಪಕ್ಕದ ಗುಳ್ಳೆಗಳ ನಡುವೆ ದ್ರವದ ತೆಳು ಪೊರೆ ಇರುತ್ತದೆ. ಆ ದ್ರವ ಸುಮ್ಮನೆ ನಿಲ್ಲುವುದಿಲ್ಲ. ಒಂದಿಷ್ಟು ಭೂಮಿಯ ಸೆಳೆತಕ್ಕೆ ಕೆಳಗೆ ಇಳಿಯುತ್ತದೆ, ಒಂದಿಷ್ಟು ಗುಳ್ಳೆಗಳು ಸೇರುವ ಮೂಲೆಗಳತ್ತ ಸೋರುತ್ತದೆ. ಸೋರಿ ಸೋರಿ ತೆಳುವಾದ ಪೊರೆ ಒಡೆಯುತ್ತದೆ. ಬರೀ ನೀರಿನಲ್ಲಿ ಇಷ್ಟೂ ಕ್ಷಣಮಾತ್ರದಲ್ಲಿ ಮುಗಿಯುವುದರಿಂದ ನೀರು ಕುಲುಕಿದರೆ ನೊರೆ ನಿಲ್ಲುವುದಿಲ್ಲ.

ಸೋಪು, ಡಿಟರ್ಜೆಂಟುಗಳಲ್ಲಿರುವ ಸರ್ಫ್ಯಾಕ್ಟೆಂಟ್ ಅಣುಗಳಿಗೆ ಒಂದು ತುದಿ ನೀರಿಗೆ ಅಂಟುವಂಥದ್ದು, ಇನ್ನೊಂದು ನೀರಿನಿಂದ ದೂರ ಓಡುವಂಥದ್ದು. ಹಾಗಾಗಿ ಅವು ಪೊರೆಯ ಎರಡೂ ಮೈಗಳ ಮೇಲೆ ಸಾಲುಗಟ್ಟುತ್ತವೆ. ಅವು ಮೇಲ್ಮೈ ಎಳೆತವನ್ನು ತಗ್ಗಿಸುವುದರಿಂದಲೇ ನೊರೆ ನಿಲ್ಲುತ್ತದೆ ಎಂದು ಹಲವರು ಬರೆಯುತ್ತಾರೆ. ಅಷ್ಟೇ ಸಾಕಾಗಿದ್ದರೆ ಆಲ್ಕೋಹಾಲಿನಲ್ಲೂ ನೊರೆ ನಿಲ್ಲಬೇಕಿತ್ತು: ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್, ಎಥನಾಲಿನದು ಬರೀ 22. ಆದರೂ ಅದರಲ್ಲಿ ನೊರೆ ನಿಲ್ಲುವುದಿಲ್ಲ.

ನಿಜವಾದ ಕೆಲಸ ಬೇರೆ. ಪೊರೆ ಒಂದು ಕಡೆ ಹಿಗ್ಗಿ ತೆಳುವಾದರೆ ಅಲ್ಲಿ ಸರ್ಫ್ಯಾಕ್ಟೆಂಟ್ ವಿರಳವಾಗುತ್ತದೆ, ಆ ಜಾಗದಲ್ಲಷ್ಟೇ ಎಳೆತ ಹೆಚ್ಚುತ್ತದೆ. ಆ ಎಳೆತ ಸುತ್ತಲಿನ ಮೇಲ್ಮೈಯನ್ನು, ಅದರ ಜೊತೆಗೆ ದ್ರವವನ್ನು, ತನ್ನತ್ತ ಸೆಳೆದು ಗಾಯ ಮುಚ್ಚುತ್ತದೆ. ಇದೇ ಮರಂಗೋನಿ ಪರಿಣಾಮ. ಪೊರೆ ಬಹಳ ತೆಳುವಾದ ಮೇಲೂ ಎರಡು ಮೈಗಳ ಮೇಲಿರುವ ಒಂದೇ ಬಗೆಯ ವಿದ್ಯುದಾವೇಶ ಪರಸ್ಪರ ತಳ್ಳುತ್ತಾ ಅವು ಕೂಡದಂತೆ ತಡೆಯುತ್ತದೆ. ಸೋಪಿನ ಗುಳ್ಳೆಯ ನೆತ್ತಿಯಲ್ಲಿ ಬಣ್ಣಗಳೆಲ್ಲ ಇಳಿದು ಕಪ್ಪು ಚುಕ್ಕೆ ಕಾಣುವುದನ್ನು ಗಮನಿಸಿ. ಅಲ್ಲಿ ಪೊರೆಯ ದಪ್ಪ ತಲೆಗೂದಲಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ, ಆದರೂ ಇನ್ನೂ ಒಡೆದಿಲ್ಲ!

ಹಾಲಿನಲ್ಲಿ ಈ ಕೆಲಸ ಮಾಡುವುದು ಅದರದೇ ಪ್ರೋಟೀನುಗಳು, ಕೇಸೀನ್ ಮತ್ತು ವೇ. ಇವು ಸೋಪಿನ ಅಣುಗಳಂತೆ ಚುರುಕಾಗಿ ಓಡಾಡುವುದಿಲ್ಲ. ಒಂದಕ್ಕೊಂದು ಹೆಣೆದುಕೊಂಡು ಮೇಲ್ಮೈಯಲ್ಲಿ ಬಲೆಯಂಥ ಪದರ ಕಟ್ಟಿ ಸೋರಿಕೆಯನ್ನು ನಿಧಾನಗೊಳಿಸುತ್ತವೆ. ಕೊಬ್ಬು ಈ ಪದರವನ್ನು ಕೆಡಿಸಬಲ್ಲದು. ಆದ್ದರಿಂದಲೇ ಕೆನೆ ತೆಗೆದ ಹಾಲಿನಲ್ಲಿ ಸಾಮಾನ್ಯವಾಗಿ ಹೆಚ್ಚು ನೊರೆ. ಫಾರ್ವರ್ಡ್ ನಂಬಿದರೆ, ವೈದ್ಯರು ಹೇಳಿದರೆಂದು ಕೊಬ್ಬು ಕಡಿಮೆ ಇರುವ ಪ್ಯಾಕೆಟ್ ತಂದವರಿಗೇ ಮೊದಲು ಅನುಮಾನ ಬರಬೇಕು. ಇನ್ನೊಂದು ವಿಚಿತ್ರವೂ ಇದೆ: ಸ್ವಲ್ಪ ಸರ್ಫ್ಯಾಕ್ಟೆಂಟ್ ಸೇರಿದರೆ ಅದು ಪ್ರೋಟೀನಿನ ಬಲೆಯನ್ನು ಹರಿದು ನೊರೆಯನ್ನು ದುರ್ಬಲಗೊಳಿಸಲೂಬಹುದು. ಅಂದರೆ ನೊರೆ ಕಡಿಮೆ ಎಂದ ಮಾತ್ರಕ್ಕೆ ಹಾಲು ಶುದ್ಧ ಎನ್ನಲೂ ಆಗದು.

ಫಾರ್ವರ್ಡಿಗೆ ಮೂಲ ಇಲ್ಲದೆ ಇಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಮನೆಯಲ್ಲೇ ಮಾಡುವ ಪರೀಕ್ಷೆಯೊಂದನ್ನು ಹೇಳಿದೆ: 5ರಿಂದ 10 ಮಿಲಿಲೀಟರ್ ಹಾಲಿಗೆ ಅಷ್ಟೇ ನೀರು ಸೇರಿಸಿ ಚೆನ್ನಾಗಿ ಕುಲುಕಬೇಕು. ಡಿಟರ್ಜೆಂಟ್ ಇದ್ದರೆ ದಟ್ಟ ನೊರೆ, ಶುದ್ಧ ಹಾಲಾದರೆ ತೆಳುವಾದ ನೊರೆಯ ಪದರ. ಶುದ್ಧ ಹಾಲಿನಲ್ಲೂ ನೊರೆ ಬರುತ್ತದೆ ಎಂಬ ಭಾಗವೇ ಫಾರ್ವರ್ಡಿನಲ್ಲಿ ಬಿಟ್ಟುಹೋಗಿದೆ. ಮಾಡುವುದಿದ್ದರೆ ನಂಬಿಕೆಯ ಹಾಲೊಂದನ್ನು ಪಕ್ಕದಲ್ಲಿಟ್ಟು, ಎರಡನ್ನೂ ಒಂದೇ ಬಗೆಯ ಬಾಟಲಿಯಲ್ಲಿ, ಒಂದೇ ಬಿಸಿಯಲ್ಲಿ ಕುಲುಕಿ ಹೋಲಿಸಿ. ಬಾಟಲಿಯನ್ನು ನಾಲ್ಕೈದು ಸಲ ಬರೀ ನೀರಿನಲ್ಲಿ ಜಾಲಿಸಿ, ಪಾತ್ರೆ ತೊಳೆದ ಸೋಪೇ ಅದರಲ್ಲಿ ಉಳಿದಿರಬಹುದು. ಆಮೇಲೂ ಅನುಮಾನ ಉಳಿದರೆ ಪ್ರಯೋಗಾಲಯವೇ ಹೇಳಬೇಕು. ಕುದಿಸಿದರೆ ಡಿಟರ್ಜೆಂಟ್ ಹೋಗುವುದಿಲ್ಲ.

ಹಾಲಿನವರ ಹೆಸರು ಹಾಕಿ ಬಾಟಲಿಯ ವಿಡಿಯೊ ಹಂಚುವ ಮುನ್ನ ಈ ಅಂಕಿ ನೋಡಿ. ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದಾದ್ಯಂತ ಸಂಗ್ರಹಿಸಿದ 6,432 ಮಾದರಿಗಳಲ್ಲಿ ಡಿಟರ್ಜೆಂಟ್ ಸಿಕ್ಕಿದ್ದು 3ರಲ್ಲಿ. ಬೂಷ್ಟು ಹಿಡಿದ ಮೇವಿನಿಂದ ಹಾಲಿಗೆ ಬರುವ ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿದ್ದು 368ರಲ್ಲಿ. ಅದು ಎಷ್ಟು ಕುಲುಕಿದರೂ ಬಾಟಲಿಯಲ್ಲಿ ಕಾಣಿಸುವುದಿಲ್ಲ.